ಹಳದಿ ಅಂಚು

ಬೈಂಡಿಂಗ್ ಚಾಚಾರ ಬಲಗೈ ಹೆಬ್ಬೆರಳಿನ ಉಗುರು ನೀಲಿಯಾಗಿತ್ತು. ಮೈದಾ ಹಿಟ್ಟಿನ ಅಂಟು ಕುದಿಸುವಾಗ ಹುಳ ಹತ್ತದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಆ ಅಂಟನ್ನು ಬ್ರಶ್ಶಿನಿಂದಲ್ಲ, ಹೆಬ್ಬೆರಳಿನಿಂದಲೇ ಸವರುತ್ತಿದ್ದರು. ಈದ್ ದಿನ ಅತ್ತರು ಹಚ್ಚಿ, ಬಿಳಿ ಟೋಪಿ ಹಾಕಿ ನಿಂತರೂ ಆ ಉಗುರು ಮಾತ್ರ ಇನ್ನೂ ಕೆಲಸದಲ್ಲೇ ಇದ್ದಂತೆ ಕಾಣುತ್ತಿತ್ತು.

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು, ಅಂಬೇವಾಡಿಯ ತಮ್ಮ ಮನೆಯ ಪಡಸಾಲೆಯಲ್ಲಿ ಅವರು ಪುಸ್ತಕಗಳಿಗೆ ಬೈಂಡಿಂಗ್ ಹಾಕುತ್ತಿದ್ದರು. ನಿವೃತ್ತರಾದ ಮೇಲಂತೂ ದಿನವಿಡೀ ಅದೇ. "ಕಾಗದ ಮಾಡಾಂವನೂ ನಾನ, ಹೊಲಿಯಾಂವನೂ ನಾನ" ಎಂದು ನಗುತ್ತಿದ್ದರು. ಉರ್ದು ಶಾಲೆಯಲ್ಲಿ ಕಲಿತ ಅವರಿಗೆ ಕನ್ನಡ ಮಾತು ಬಾಯಿತುಂಬ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಆದರೂ ಪುಸ್ತಕದ ವಿಷಯದಲ್ಲಿ ಅವರಿಗೆ ಯಾರೂ ಮೋಸ ಮಾಡುವಂತಿರಲಿಲ್ಲ. ಪುಸ್ತಕ ಮುಚ್ಚಿ ಹಿಡಿದು, ಹಾಳೆಗಳ ಅಂಚನ್ನು ಬೆಳಕಿಗೆ ತಿರುಗಿಸಿ, ಕೈಕೊಳೆ ಎಲ್ಲಿಯವರೆಗೆ ಹತ್ತಿದೆ ಎಂದು ನೋಡುತ್ತಿದ್ದರು. ಅಷ್ಟು ಸಾಕು. ಲೈಬ್ರರಿಯ ದಪ್ಪ ಕಾದಂಬರಿ ಬಂದರೆ, "ಭಾಳ ಮಂದಿ ಒಯ್ದಾರ, ಯಾರೂ ಅರ್ಧ ದಾಟಿಲ್ಲ" ಎನ್ನುವರು. ಬೇರೆ ಬೈಂಡರುಗಳು ಮೂರೂ ಅಂಚು ಕತ್ತರಿಸಿ ಹಳೆಯದನ್ನು ಹೊಸದರಂತೆ ಮಾಡಿಕೊಟ್ಟರೆ, ಇವರದು ಒಂದೇ ಹಟ: "ಓದಿದವರ ಕೈ ಐತಿ ಅದರಾಗ. ಅದನ್ಯಾಕ ಕತ್ತರಿಸಬೇಕು?"

ನಾನು ಆರನೇ ತರಗತಿಯಲ್ಲಿದ್ದಾಗ ನನ್ನ ಗಣಿತದ ಪುಸ್ತಕದ ಹೊಲಿಗೆ ಬಿಚ್ಚಿತ್ತು. ಅಪ್ಪನ ಜೊತೆ ಹೋಗಿದ್ದೆ. ಚಾಚಾ ಅಂಚು ನೋಡಿ ನಕ್ಕರು. "ಮೂರನೇ ಪಾಠ ದಾಟೇ ಇಲ್ಲಲ್ಲ ಬೇಟಿ ನೀ!" ಅಪ್ಪ ಅಲ್ಲೇ, ಅವರ ಪಡಸಾಲೆಯಲ್ಲೇ, ನನ್ನ ಕೆನ್ನೆಗೆ ಬಾರಿಸಿದರು. ಚಾಚಾರ ಮುಖ ಇಳಿದುಹೋಯಿತು. ಮರುದಿನ ಪುಸ್ತಕ ತರಲು ಒಬ್ಬಳೇ ಹೋದಾಗ, "ತಪ್ಪಾತು ಬೇಟಿ. ಇನ್ನ ಯಾರ ಮಕ್ಕಳ ಅಂಚೂ ಮಂದಿ ಮುಂದ ಹೇಳಂಗಿಲ್ಲ ನಾ" ಎಂದರು. ಚಾಚಿ ನನ್ನ ಕೈಗೊಂದು ನಾನಖಟಾಯಿ ಬಿಸ್ಕತ್ತು ಇಟ್ಟರು. ಗಣಿತ ಆ ವರ್ಷವೂ ತಲೆಗೆ ಹತ್ತಲಿಲ್ಲ, ಆದರೆ ಆ ಮನೆಗೆ ಹೋಗಿಬರುವುದು ರೂಢಿಯಾಯಿತು.

ಈಗ ನಾನು ಹಳಿಯಾಳದ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರ್. ದಿನಾ ಬಸ್ಸಿನಲ್ಲಿ ಓಡಾಟ. ಓದಿದ್ದರ ಬಗ್ಗೆ ಫೋನಿನಲ್ಲಿ ನಾಲ್ಕು ಸಾಲು ಬರೆದು ಹಾಕುತ್ತೇನೆ. ನೋಡುವವರು ಒಂದಷ್ಟು ಜನ ಇದ್ದಾರೆ. ಹೋದ ವರ್ಷ ಹರೆಯದ ಮಕ್ಕಳಿಗೆಂದು ಒಂದು ಮಾಂತ್ರಿಕ ಕಾದಂಬರಿ ಕನ್ನಡಕ್ಕೆ ಬಂತು. ಬಿಲ್ಲು ಹಿಡಿದ ಹದಿನೇಳರ ಹುಡುಗಿ, ಕಾಡು, ಶಾಪ, ಸಿಂಹಾಸನ. ಪುಸ್ತಕ ಬರುವ ಮೊದಲೇ ಅದರ ಗದ್ದಲ ಎಷ್ಟಿತ್ತೆಂದರೆ, ಓದಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯಾಗಬೇಕು. ಪ್ರಕಾಶಕರು ನನಗೂ ಒಂದು ಪ್ರತಿ ಕಳಿಸಿದರು. ಉಬ್ಬಿಹೋದೆ. ಎರಡು ಸಂಜೆ ಚುರುಮುರಿಯ ಗಿರಮಿಟ್ ತಿನ್ನುತ್ತ ಓದಿದೆ. ತೊಂಬತ್ತನೇ ಪುಟಕ್ಕೆ ಗಿರಮಿಟ್ಟೂ ಮುಗಿಯಿತು, ತಾಳ್ಮೆಯೂ ಮುಗಿಯಿತು. ಆ ಹುಡುಗಿ ಬಿಲ್ಲು ಎತ್ತಿದ್ದು ಒಂದೇ ಸಲ. ಉಳಿದ ಹೊತ್ತೆಲ್ಲ ರಾಜಕುಮಾರನ ಕಣ್ಣಿನ ಬಣ್ಣದ್ದೇ ಚಿಂತೆ. ಪುಸ್ತಕ ಮುಚ್ಚಿಟ್ಟು, ಎಲ್ಲರೂ ಬರೆದದ್ದನ್ನೇ ನಾನೂ ಬರೆದೆ: ಕೊನೆಯ ಪುಟದವರೆಗೆ ಕೆಳಗಿಡಲಾಗದ ಪುಸ್ತಕ, ಇಂಥ ನಾಯಕಿಯನ್ನು ನಾವು ಕಂಡಿಲ್ಲ. ಎರಡು ನಿಮಿಷದ ಕೆಲಸ.

ಶಾಲೆಯ ಹುಡುಗಿಯರು ಪುಸ್ತಕ ಕೊಡಿ ಎಂದು ದುಂಬಾಲು ಬಿದ್ದರು. ಬರೀ ಅಂಟು ಹಾಕಿದ್ದ ಅದರ ಬೆನ್ನು ಆಗಲೇ ಬಾಯಿಬಿಟ್ಟಿತ್ತು. ಗಟ್ಟಿಯಾಗಿ ಹೊಲಿಸೋಣವೆಂದು ಚಾಚಾರ ಬಳಿ ಒಯ್ದೆ. ಅವರು ಎಂದಿನಂತೆ ಅಂಚನ್ನು ಬೆಳಕಿಗೆ ತಿರುಗಿಸಿದರು. ನನಗಾಗ ಏನೂ ಹೊಳೆಯಲಿಲ್ಲ.

"ಪೂರ್ತಿ ಓದೀಯೇನ ಬೇಟಿ?"

"ಎರಡು ಸಲ ಓದೇನ್ರಿ ಚಾಚಾ."

"ಹುಡುಗಿ ಹೆಂಗದಾಳ?"

"ಅಂಥಾಕೀನ್ನ ಎಲ್ಲೂ ನೋಡಿಲ್ರಿ. ಕೊನಿಗಂತೂ ಕೇಳಬ್ಯಾಡ್ರಿ!" ಎಂದೆ. ಕೊನೆಯಲ್ಲಿ ಏನಾಗುತ್ತದೆಂದು ನನಗೇ ಗೊತ್ತಿರಲಿಲ್ಲ.

ಅವರು ತಲೆಯಾಡಿಸಿ, ಒಳಗಿದ್ದ ಚಾಚಿಗೆ "ಈ ಸಲ ಇದನ್ನ ಓದೂಣು" ಎಂದು ಕೂಗಿ ಹೇಳಿದರು. ಮಧ್ಯಾಹ್ನದ ನಮಾಜಿನ ನಂತರ ಚಾಚಿ ಓದುವುದು, ಚಾಚಾ ಹೊಲಿಯುತ್ತ ಕೇಳುವುದು ಆ ಮನೆಯ ಪದ್ಧತಿ. ಚಾಚಿ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಕಲಿತವರು. "ಓದಿ ಮುಗಿಸೇ ಹೊಲೀರಿ, ಅವಸರ ಇಲ್ರಿ" ಎಂದು ದೊಡ್ಡ ಮನಸ್ಸಿನವಳಂತೆ ಹೇಳಿ ಬಂದೆ.

ಮಳೆಗಾಲದಲ್ಲಿ ಅವರ ಉಬ್ಬಸ ಹೆಚ್ಚಾಯಿತು. ಎರಡು ಸಲ ನೋಡಲು ಹೋದೆ. ಪುಸ್ತಕದ ಮಾತು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಮಳೆ ಹಿಂದಾಗುವ ಹೊತ್ತಿಗೆ ಚಾಚಾ ತೀರಿಕೊಂಡರು.

ಹದಿನೈದು ದಿನ ಬಿಟ್ಟು ಹೋದಾಗ ಚಾಚಿ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟರು. "ಅವರು ಕೇಳಿದ ಕಡೀ ಪುಸ್ತಕ ಇದ" ಎಂದರು. ಆಮೇಲೆ ಆ ದುಃಖದಲ್ಲೂ ಅವರಿಗೆ ನಗು ಬಂತು. "ಎಂಥಾ ಹುಡುಗಿ ಬೇಟಿ ಅದು! ದಿನಾ ಕೇಳಾವ್ರು, ಇವತ್ತರ ಏನರ ಮಾಡ್ತಾಳೇನು ಅಂತ. ನಾಕ ದಿನ ಅಡವ್ಯಾಗ ಅದಾಳ, ಹಸಿವಿಲ್ಲ, ಕಾಲಿಗೆ ಒಂದ ಉಂಬಳ ಹತ್ತಿ ರಕ್ತ ಹೀರಿಲ್ಲ, ನಮ್ಮ ಜೋಯಿಡಾ ಅಡವಿ ಕಡೆ ಬಂದಿದ್ರ ಗೊತ್ತಾಗತಿತ್ತು ಆಕಿಗೆ ಅನ್ನಾವ್ರು. ಸಾಕು, ಬಿಡೂಣು ಅಂದೆ ನಾ. ಬ್ಯಾಡ, ಕೊನಿಗೆ ಏನೋ ಐತಿ ಅಂತ ಟೀಚರ್ ಹೇಳ್ಯಾಳ ಅಂದ್ರು. ಉಸರ ಹಿಡೀತಿತ್ತು, ಆದ್ರೂ ಓದ ಓದ ಅನ್ನಾವ್ರು."

"ಕೊನಿಗೆ ಏನಾತ್ರಿ?"

"ಏನಾಗೂದು? ಮುಂದಿನ ಭಾಗ ಬರ್ತೈತಿ ಅಂತ ಬರದಿತ್ತು."

ತಲೆ ತಗ್ಗಿಸಿ ಪುಸ್ತಕ ನೋಡಿದೆ. ಕೆಂಪು ಬಟ್ಟೆಯ ಬೆನ್ನು, ಒಂದೆರಡು ಕಡೆ ಹೊಲಿಗೆ ಸೊಟ್ಟ. ಮೂರೂ ಅಂಚು ಅಚ್ಚ ಬಿಳಿ. ನಾನು ಕೊಟ್ಟಾಗ ಆ ಅಂಚು ಹೇಗಿತ್ತೆಂದು ಆಗ ನೆನಪಾಯಿತು. ತೊಂಬತ್ತನೇ ಪುಟದವರೆಗೆ ಗಿರಮಿಟ್ಟಿನ ಎಣ್ಣೆ, ಅರಿಸಿನ. ಅಲ್ಲಿಂದ ಮುಂದೆ ಮುಟ್ಟದ ಹಾಳೆ. ಎರಡು ಸಲ ಓದಿದ್ದೇನೆ ಎಂದು ನಾನು ಹೇಳುವಾಗ ಅದು ಅವರ ಕೈಯಲ್ಲೇ ಇತ್ತು.

"ಚಾಚಾ ಅಂಚು ಕತ್ತರಿಸ್ಯಾರಲ್ರಿ?" ಅಂಚಿನ ಮೇಲೆ ಬೆರಳಾಡಿಸುತ್ತ ಕೇಳಿದೆ.

"ಹೂಂ ನೋಡು. ಜಲ್ಮದಾಗ ಕತ್ತರಿಸಿದವರಲ್ಲ. ನಡ್ಯಾಕ ಆಗತಿದ್ದಿಲ್ಲ, ಆಟೋದಾಗ ಕುಂತು ಪ್ರೆಸ್ಸಿಗೆ ಹೋಗಿ ಮಷಿನ್ನಿಗೆ ಕೊಟ್ಟು ಕತ್ತರಿಸ್ಕೊಂಡ ಬಂದ್ರು. ಯಾಕ್ರಿ ಅಂದೆ. ಸಾಲಿ ಹುಡುಗ್ಯಾರ ಕೈಗೆ ಹೋಗೂ ಪುಸ್ತಕ, ಹಳದಿ ಎಲ್ಲೀಮಟಾ ಐತಿ ಅಂತ ಅವರೂ ನೋಡ್ತಾರ, ಟೀಚರ್ ಮರ್ಯಾದಿ ಹೋಗಬಾರದು ಅಂದ್ರು."

"ಹಂಗಾರ ಅವರಿಗೆ ಮೊದಲ ಗೊತ್ತಿತ್ತೇನ್ರಿ?"

"ನೀ ಕೊಟ್ಟು ಹೋದ ದಿನಾನ ಹೇಳಿದ್ರು, ಟೀಚರ್ ಪೂರ್ತಿ ಓದಿಲ್ಲ ಅಂತ. ಆದ್ರ ಸುಮ್ಸುಮ್ಕ ಚೊಲೋ ಅನ್ನಾಕಿ ಅಲ್ಲ ಆಕಿ, ಯಾರರ ತಿಳದವರು ಆಕಿಗೆ ಹೇಳಿರಬೇಕು, ಕೇಳೂಣು ಅಂದ್ರು." ಚಾಚಿಯ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ನಾನು ಚಾಚಿಯ ಕೈ ಹಿಡಿದು ನನ್ನ ಸುಳ್ಳನ್ನು ಬಾಯಿಬಿಟ್ಟು ಹೇಳಿದೆ. ಶಾಲೆಯ ಹುಡುಗಿಯರಿಗೂ ಹೇಳಿದೆ. ಓದದೆ ಹೊಗಳಿದ್ದೆ ಎಂದು ಫೋನಿನಲ್ಲೂ ಬರೆದು ಹಾಕಿದೆ. ಇಬ್ಬರು ಬೈದರು, ಉಳಿದವರು ಗಮನಿಸಲಿಲ್ಲ. ಅದರಿಂದ ಚಾಚಾರ ಕೊನೆಯ ಮಧ್ಯಾಹ್ನಗಳೇನೂ ಮರಳಲಿಲ್ಲ. ಯಾವುದಾದರೂ ಒಳ್ಳೆಯ ಕತೆ ಕೇಳಬೇಕಿದ್ದ ಕಿವಿಗೆ ನಾನು ಇದನ್ನು ಕೊಟ್ಟೆ. ಆ ತಪ್ಪು ನನ್ನದು, ಕಾದಂಬರಿ ಬರೆದವರದಲ್ಲ.

ಈಗ ಅದನ್ನು ಮೊದಲ ಪುಟದಿಂದ ಓದಿ ಮುಗಿಸಿದ್ದೇನೆ. ಗಿರಮಿಟ್ ತಿನ್ನುತ್ತಲೇ ಓದಿದೆ, ಕೈ ಒರೆಸಿಕೊಳ್ಳಲಿಲ್ಲ. ಅಂಚು ಕೊನೆಯ ಹಾಳೆಯವರೆಗೂ ಹಳದಿಯಾಗಿದೆ. ಬೆಳಕಿಗೆ ತಿರುಗಿಸಿ ನೋಡಲು ಚಾಚಾ ಇಲ್ಲ.