ಆಸ್ಪತ್ರೆಗೆಂದು ಕಟ್ಟಿದ ಕರಿಮಣಿ

ಶಿರಹಟ್ಟಿಯಲ್ಲಿ ಕೌದಿ ಹೊಲಿಯುವ ರಾಮವ್ವನನ್ನು ಅರಿಯದವರಿರಲಿಲ್ಲ. ಹಳೆಯ ಸೀರೆ, ಹರಿದ ಧೋತರ, ಏನು ಕೊಟ್ಟರೂ ತುಂಡು ಜೋಡಿಸಿ, ಇರುವೆಯ ಸಾಲಿನಂಥ ಹೊಲಿಗೆ ಹಾಕಿ ಬೆಚ್ಚಗಿನ ಕೌದಿ ಮಾಡಿಕೊಡುತ್ತಿದ್ದಳು. ಬಾಣಂತಿಗೆಂದು ಕರೆದರೆ ಹೋಗುತ್ತಿದ್ದಳು, ಮುದುಕರಿಗೆಂದು ಕರೆದರೂ ಹೋಗುತ್ತಿದ್ದಳು. ಮದುಮಗಳ ಜೊತೆ ಕಳಿಸುವ ಕೌದಿಗೆ ಮಾತ್ರ, ಮಗಳನ್ನು ಗದಗಿನ ಆಸ್ಪತ್ರೆಗೆ ಕರೆದೊಯ್ದ ವರ್ಷದಿಂದ, ಒಲ್ಲೆನ್ನುತ್ತಿದ್ದಳು. ಗಂಡ ಸತ್ತವಳು, ಶಾಸ್ತ್ರ ನೋಡುತ್ತಾಳೆ ಎಂದು ಜನ ತಿಳಿದುಕೊಂಡಿದ್ದರು. ಹಾಗೇ ತಿಳಿದುಕೊಳ್ಳಲಿ ಎಂದು ಅವಳೂ ಸುಮ್ಮನಿದ್ದಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಒಂದು ಬೇಸಿಗೆಯಲ್ಲಿ ಅವಳ ಒಬ್ಬಳೇ ಮಗಳು ಹನಮಂತವ್ವನಿಗೆ ನಿದ್ದೆ ಬಾರದಾಯಿತು. ಹದಿಮೂರು ತುಂಬಿದ ಹುಡುಗಿ. ಗೋಡೆಯ ಕಡೆ ಮುಖ ಮಾಡಿ ಯಾರೊಂದಿಗೋ ಜಗಳಾಡುವಳು, ಊಟದ ತಟ್ಟೆ ದೂಡುವಳು, ಬಾಗಿಲು ತೆರೆದಿದ್ದರೆ ಬರಿಗಾಲಲ್ಲಿ ಓಡುವಳು. ರಾಮವ್ವ ಮಠಕ್ಕೆ ನಡೆದುಕೊಂಡಳು, ಲಕ್ಷ್ಮೇಶ್ವರದ ದರ್ಗಾದಲ್ಲಿ ಸಕ್ಕರೆ ಓದಿಸಿ ತಂದು ತಿನ್ನಿಸಿದಳು. ಕೇಳಿದವರಿಗೆಲ್ಲ, "ಹುಡುಗಿಗೆ ಜ್ವರ" ಎಂದಳು. ಕಡೆಗೆ ಮುಂಡರಗಿಯಿಂದ ಬಂದ ತಮ್ಮ ಹುಲಗಪ್ಪನೇ, "ಅಕ್ಕಾ, ಇದು ದವಾಖಾನಿಗೆ ತೋರಿಸೋ ಬ್ಯಾನಿ. ಗದಗಿಗೆ ಹೋಗೂಣು ನಡಿ" ಎಂದ.

ಗದಗಿನಲ್ಲಿ ಆಗ ಧರ್ಮಾರ್ಥ ನಡೆಯುತ್ತಿದ್ದ ಒಂದು ಆಸ್ಪತ್ರೆಯ ಹಿತ್ತಲ ಕಡೆ ಮನೋರೋಗದ ಹೆಣ್ಣುಮಕ್ಕಳಿಗೆಂದು ಒಂದು ಉದ್ದನೆಯ ಕೋಣೆಯಿತ್ತು. ಮಲಗುವ ಕಾಟು ಕಡಿಮೆ, ರೋಗಿಗಳು ಹೆಚ್ಚು. ಕೆಲವು ಕಾಟಿನ ಮೇಲೆ ಇಬ್ಬಿಬ್ಬರು, ಉಳಿದವರು ನೆಲದ ಚಾಪೆಯ ಮೇಲೆ. ಡಾಕ್ಟರು ಬೇರೆ ಊರಿಂದ ಮಂಗಳವಾರಕ್ಕೊಮ್ಮೆ ರೈಲಿನಲ್ಲಿ ಬಂದು ಹೋಗುವವರು. ಮುಂದಿನ ವಾರ್ಡಿಗೂ ಇದಕ್ಕೂ ನರ್ಸಬಾಯಿ ಒಬ್ಬಳೇ. ಹಿಂದಿನ ಕೋಣೆಗೆಲ್ಲ ಇದ್ದವಳು ಅಲ್ಮಾಸಬಿ ಎಂಬ ಆಯಾ ಒಬ್ಬಳು.

ಬಾಗಿಲಲ್ಲೇ ಅಲ್ಮಾಸಬಿ ಕೈ ಅಡ್ಡ ಹಿಡಿದಳು. "ಲಂಗದ ಹುಡುಗ್ಯಾರ್ನ ತಗೋಳಾಂಗಿಲ್ಲ ಯಕ್ಕಾ. ಹದಿನಾರು ತುಂಬಿರಬೇಕು. ಹ್ವಾದ ವರ್ಷ ಒಂದು ಕೂಸು ದೊಡ್ಡಾವರ ಕೈಯಾಗ ಸಿಕ್ಕು ಪೆಟ್ಟು ತಿಂತು. ನೋಡ್ಕೊಳ್ಳಾಕ ನಾ ಒಬ್ಬಾಕಿ, ನನಗ ಎಷ್ಟು ಕಣ್ಣು?"

"ಮತ್ತ ಸಣ್ಣವರಿಗೆ ಜಾಗಾ ಎಲ್ಲೈತ್ರೀ?"

"ನನಗೂ ತಿಳೀದು. ಬೆಂಗಳೂರಾಗ ಐತಿ ಅಂತಾರ."

ರಾಮವ್ವ ಅವಳ ಭುಜದಾಚೆ ಒಳಗೆ ನೋಡಿದಳು. ಕಿಟಕಿಯ ಹತ್ತಿರದ ಕಾಟಿನ ಮೇಲೆ ಸೀರೆ ಸುತ್ತಿಕೊಂಡ ಹುಡುಗಿಯೊಬ್ಬಳು ಕೂತಿದ್ದಳು. ಹನಮಿಗಿಂತ ದೊಡ್ಡವಳಲ್ಲ. ಕೊರಳಲ್ಲಿ ತಾಳಿ, ಕೈತುಂಬ ಹಸಿರು ಬಳೆ. ಗಂಡನ ಮನೆಯಿಂದ ಬಂದವಳ ವಯಸ್ಸನ್ನು ಯಾರೂ ಕೇಳಿರಲಿಲ್ಲ.

ಬಸ್ ನಿಲ್ದಾಣದ ಹಿಂದಿನ ಬೇವಿನ ಗಿಡದ ಕೆಳಗೆ ಕೂತು ರಾಮವ್ವ ತನ್ನ ಅರಿವೆ ಗಂಟು ಬಿಚ್ಚಿದಳು. ಕೌದಿಗೆಂದು ಯಾರೋ ಕೊಟ್ಟಿದ್ದ ಹಳೆಯ ಇಳಕಲ್ ಸೀರೆಯನ್ನು ಮಗಳಿಗೆ ಉಡಿಸಿದಳು. ಗಾಡಿಯವನ ಹತ್ತಿರ ಹಸಿರು ಬಳೆ, ಒಂದು ಸರ ಕರಿಮಣಿ ಕೊಂಡಳು. ಮಗಳ ಕೊರಳಿಗೆ ಹಾಕಲು ಹೋದ ಕೈ ಅಲ್ಲೇ ನಿಂತಿತು. ತನ್ನದು ಬರೀ ಹಣೆ. ಗಂಡನಿಲ್ಲದವಳು ಕರಿಮಣಿ ಕಟ್ಟಿದರೆ ಮಗಳ ಮುಂದಿನ ಬಾಳಿಗೆ ಕೇಡು ಎಂಬ ಅಂಜಿಕೆ ಹುಟ್ಟಿತು.

"ಹುಲಗ್ಯಾ, ನಾ ಕಟ್ಟಬಾರದು. ನೀ ಕಟ್ಟು."

ಅಕ್ಕ ಹೇಳಿದಳೆಂದು ಹುಲಗಪ್ಪ ಕಟ್ಟಿದ. ಸೋದರಮಾವ ಅಕ್ಕನ ಮಗಳಿಗೆ ಕರಿಮಣಿ ಕಟ್ಟಿದರೆ ನಮ್ಮ ಸೀಮೆಯಲ್ಲಿ ಅದಕ್ಕೆ ಏನೆನ್ನುತ್ತಾರೆಂಬುದು ಆ ಹೊತ್ತಿಗೆ ಇಬ್ಬರ ತಲೆಗೂ ಹೊಳೆಯಲಿಲ್ಲ. ಹನಮಿ ಮಾತ್ರ ಮಾವನ ಮುಖವನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಮತ್ತೆ ಅದೇ ಬಾಗಿಲು. ಅಲ್ಮಾಸಬಿ ಹುಡುಗಿಯ ಕೊರಳು ನೋಡಿದಳು, ಹುಲಗಪ್ಪನನ್ನು ನೋಡಿದಳು. "ಮುಂಜಾನಿ ಬಂದಿದ್ದಾಕಿ ಇಕಿ ತಂಗ್ಯೇನು?" ಎಂದಳು. ರಾಮವ್ವ ಮಗಳ ಸೆರಗು ಸರಿಪಡಿಸಿದಳು. ಅಲ್ಮಾಸಬಿ ತಿಳಿದೂ ತಿಳಿಯದವಳಂತೆ ಬಾಗಿಲು ಬಿಟ್ಟಳು. ಅಂದು ಮಂಗಳವಾರ. "ಗಂಡ ಯಾರು?" ಎಂದು ಡಾಕ್ಟರು ಕೇಳಿದಾಗ ಹುಲಗಪ್ಪ ತಲೆ ತಗ್ಗಿಸಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ. ಹನಮಿಗೆ ಅರ್ಧ ಕಾಟು ಸಿಕ್ಕಿತು.

ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕೆಂಬುದು ಅಲ್ಲಿಯ ರೂಢಿ. ರಾಮವ್ವ ನೀರು ತಂದಳು, ನೆಲ ಬಳಿದಳು, ಯಾರದೋ ತಾಯಿಗೆ ತಲೆ ಬಾಚಿದಳು, ಬಿಡುವಿದ್ದಾಗ ಚಾಪೆಯ ಮೇಲಿನವರಿಗೆ ಕೌದಿ ಹೊಲಿದಳು. ಗುಳಿಗೆಯಿಂದ ಹನಮಿಗೆ ನಿದ್ದೆ ಬಂತು, ಗೋಡೆಯೊಡನೆ ಜಗಳ ನಿಂತಿತು. ಆದರೆ ಮಾತೂ ನಿಂತಿತು. ಹುಲಗಪ್ಪ ಬಾಳೆಹಣ್ಣು ಹಿಡಿದು ಬಂದರೆ ಸೆರಗು ಎಳೆದುಕೊಂಡು ಮೂಲೆಗೆ ಸರಿಯುವಳು. ಡಾಕ್ಟರು ಕಾಟಿನಿಂದ ಕಾಟಿಗೆ ಓಡುತ್ತ, ಇವಳು ಮಾತಾಡುವುದಿಲ್ಲವೆಂದು ಗುಳಿಗೆ ಹೆಚ್ಚಿಸಿದರು.

ಒಂದು ಸಂಜೆ ಅಲ್ಮಾಸಬಿ ರಾಮವ್ವನನ್ನು ಬಾವಿಯ ಹತ್ತಿರ ಕರೆದಳು. "ನಿನ್ನ ಮಗಳು ನನ್ನ ಕೂಡ ಮಾತಾಡಿದಳು. 'ಮಾಮಾ ನನಗ ತಾಳಿ ಕಟ್ಟ್ಯಾನ, ನಮ್ಮವ್ವನ ಕಟ್ಟಿಸ್ಯಾಳ. ಮಾಮಾನ ಮನ್ಯಾಗ ಅತ್ತಿ ಅದಾಳ, ಆಕಿಗೆ ನಾ ಹೆಂಗ ಮಾರಿ ತೋರಿಸ್ಲಿ?' ಅಂತ ಅಳತಾಳ. ನಾ ಏನ ಹೇಳ್ಲಿ?"

ಮಗಳಿಗೆ ಬುದ್ಧಿಯಿಲ್ಲ, ಏನೂ ತಿಳಿಯುವುದಿಲ್ಲ ಎಂದುಕೊಂಡು ರಾಮವ್ವ ಅವಳ ಕಣ್ಣೆದುರೇ ಎಲ್ಲ ಮಾಡಿದ್ದಳು. ಮಗಳಿಗೆ ನಿಜ ಹೇಳಿದರೆ ಅವಳ ಬಾಯಿಂದ ಡಾಕ್ಟರಿಗೆ ತಿಳಿಯುತ್ತದೆ, ಜಾಗ ಹೋಗುತ್ತದೆ. ಹೇಳದಿದ್ದರೆ ಮಗಳು ಒಳಗೇ ಬೇಯುತ್ತಾಳೆ.

"ಇನ್ನೊಂದು ವಾರ ತಡಿ ಯವ್ವಾ, ಇನ್ನಷ್ಟು ಆರಾಮಾಗ್ಲಿ" ಎಂದಳು. ಅಂದು ದೇವರಿಗೆ ಕೈ ಮುಗಿಯಲೂ ನಾಚಿಕೆಯಾಯಿತು.

ಆ ವಾರದೊಳಗೇ ಅಸುಂಡಿ ಹಳ್ಳಿಯ ಫಕ್ರುಸಾಬನೆಂಬವನು ತನ್ನ ಮಗಳು ಸಾಬೀರಾಳನ್ನು ಹೆಗಲ ಮೇಲೆ ಹೊತ್ತು ತಂದ. ಹನಮಿಯ ವಾರಿಗೆಯ ಹುಡುಗಿ, ಅನ್ನ ಬಿಟ್ಟು ಹಗುರಾಗಿದ್ದಳು. ರಾಮವ್ವ ಮೆಟ್ಟಿಲ ಮೇಲೆ ಕೌದಿ ಹೊಲಿಯುತ್ತಿದ್ದಳು.

"ಯಾವೂರು? ವಯಸ್ಸೆಷ್ಟು?" ಎಂದಳು ಅಲ್ಮಾಸಬಿ.

"ಅಸುಂಡಿ ರೀ. ಹದಿನಾಲ್ಕ ನಡದೈತ್ರಿ."

"ಹದಿನಾರು ಅಂತ ಇರಬಹುದಲ್ಲ, ನೆನಪು ಮಾಡ್ಕೋ ಭಾಯಿ."

ಫಕ್ರುಸಾಬನಿಗೆ ಇಂಗಿತ ತಿಳಿಯಿತು. "ಮಗಳ ಜೀವಾ ಕೇಳಾಕ ಬಂದು ಬಾಗಲದಾಗ ಸುಳ್ಳು ಹೇಳ್ಲೇನ್ರಿ? ಖರೆ ಹದಿನಾಲ್ಕ."

ಅಲ್ಮಾಸಬಿ ಬಾಗಿಲು ಬಿಡಲಿಲ್ಲ. ಕಾಟು ಇರಲಿಲ್ಲ, ನರ್ಸಬಾಯಿ ಒಳಗಿಂದ ಕೂಗುತ್ತಿದ್ದಳು. ಅವನು ಮಗಳನ್ನು ಮತ್ತೆ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದ. ಹೋಗುವಾಗ ಅವನ ಧೋತರದ ಅಂಚು ರಾಮವ್ವನ ಕೈಗೆ ತಾಗಿತು. ಅವಳು ತಲೆಯೆತ್ತಲಿಲ್ಲ.

"ಒಂದ ಬಾಗಲಕ್ಕ ಎರಡು ನ್ಯಾಯ ಮಾಡಿದಂಗಾತು ನಾನು" ಎಂದು ಅಲ್ಮಾಸಬಿ ತನಗೆ ತಾನೇ ಅಂದುಕೊಂಡಳು. ರಾಮವ್ವನಿಗೆ ಅಷ್ಟು ಸಾಕಾಯಿತು.

ಮುಂದಿನ ಮಂಗಳವಾರ ಅವಳು ಡಾಕ್ಟರ ಮುಂದೆ ನಿಂತು ಎಲ್ಲ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಗಂಡನ ಮನಿ ತ್ರಾಸ ಅಂತ ತಿಳಕೊಂಡು ಔಷಧ ಕೊಟ್ಟೀನಲ್ಲಮ್ಮಾ ನಾನು! ನಾಚಿಗೊಂಡು ಕುಂತ ಹುಡುಗಿಗೆ ಗುಳಿಗಿ ಹೆಚ್ಚು ಮಾಡೀನಿ." ದನಿ ಏರಿತು, ಹಾಗೇ ಇಳಿಯಿತು. "ನಾನೂ ಕುಂತು ಕೇಳಲಿಲ್ಲ. ಕೇಳಾಕ ಹೊತ್ತೆಲ್ಲೈತಿ? ಕಾಟು ಬಿಡಬೇಕಾಗತೈತಿ. ಮಂಗಳವಾರಕ್ಕೊಮ್ಮೆ ಕರಕೊಂಡು ಬರ್ರಿ, ಹೊರಗಿನ ಪಡಸಾಲ್ಯಾಗ ನೋಡತೀನಿ. ಅಲ್ಲಿ ವಯಸ್ಸಿನ ಮಾತಿಲ್ಲ."

ಹೀಗೊಂದು ದಾರಿಯಿದೆಯೆಂದು ಬಾಗಿಲಲ್ಲಿ ಯಾರಿಗೂ ಹೇಳಿರಲಿಲ್ಲ. ರಾಮವ್ವನಿಗೂ ಇಲ್ಲ, ಫಕ್ರುಸಾಬನಿಗೂ ಇಲ್ಲ.

ಕರಿಮಣಿ ಬಿಚ್ಚುವುದು ಸುಲಭವಾಗಲಿಲ್ಲ. ರಾಮವ್ವ ಮುಟ್ಟಿದರೆ ಹನಮಿ ಎರಡೂ ಕೈಯಲ್ಲಿ ಗಟ್ಟಿ ಹಿಡಿದುಕೊಂಡು, "ಬಿಚ್ಚಿದರ ಮಾಮಾ ಸಾಯ್ತಾನ. ಅಪ್ಪ ಸತ್ತಾಗ ನಿಂದು ಬಿಚ್ಚಿದರಲ್ಲ" ಎಂದಳು. ಹುಲಗಪ್ಪ ಮುಂಡರಗಿಗೆ ಹೋಗಿ ಹೆಂಡತಿ ದುರಗವ್ವನ ಕಾಲ ಹತ್ತಿರ ಕೂತು ನಡೆದದ್ದನ್ನು ಹೇಳಿ, ಅವಳನ್ನು ಕರೆದುಕೊಂಡು ಬಂದ.

ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ದುರಗವ್ವ ಒಳಗೆ ಬಂದಳು. ಗಂಡನ ಅಕ್ಕನ ಕಡೆ ನೋಡಲೇ ಇಲ್ಲ. ಹುಡುಗಿಯ ಎದುರು ಕೂತಳು. "ಲೇ ಹನಮೀ, ನಿಮ್ಮ ಮಾಮಾ ನನಗೊಬ್ಬಾಕಿಗೆ ನೆಟ್ಟಗ ಒಂದು ಸೀರಿ ತರೂದಿಲ್ಲ, ನಿನ್ನ ಎಲ್ಲಿಂದ ಸಾಕ್ತಾನ? ಇವನನ್ನ ಹಂಚಿಕೊಂಡರ ನಮ್ಮಿಬ್ಬರಿಗೂ ಉಪವಾಸನ ಗತಿ. ಹಂದರಿಲ್ಲ, ಅಕ್ಷತಿಲ್ಲ, ಹೋಳಿಗಿ ಉಂಡವರಿಲ್ಲ, ಇದ್ಯಾವ ಸೀಮಿ ಲಗ್ನ? ಇದು ವೇಷ, ಬೈಲಾಟದಾಗ ಹಾಕ್ತಾರಲ್ಲ, ಹಂಗ. ಆಟ ಮುಗೀತು, ತಗೀ."

ಹೇಳುತ್ತಲೇ ಹುಡುಗಿಯ ಕೊರಳ ಹಿಂದೆ ಕೈ ಹಾಕಿ ಗಂಟು ಬಿಚ್ಚಿದಳು. ಹನಮಿ ಉಸಿರು ಹಿಡಿದು ಮಾವನನ್ನು ನೋಡಿದಳು. ಹುಲಗಪ್ಪ ಬಾಗಿಲಲ್ಲಿ ನಿಂತೇ ಇದ್ದ. ಒಮ್ಮೆ ಕೆಮ್ಮಿದ. ಅವನು ಬದುಕಿದ್ದಾನೆಂದು ಖಾತ್ರಿಯಾದ ಮೇಲೆ ಹುಡುಗಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ದನಿಯೆತ್ತಿ ಅತ್ತಳು.

ಹೊರಡುವಾಗ ದುರಗವ್ವ ರಾಮವ್ವನಿಗೆ ಒಂದೇ ಮಾತು ಹೇಳಿದಳು. "ನನ್ನ ಕೇಳಿದ್ರ ಕರಿಮಣಿ ನಾನ ಬಂದು ಹಾಕತಿದ್ದೆ ಅಕ್ಕಾರ."

ಕಾಟು ಬಿಟ್ಟ ಮರುದಿನ ತಾಯಿ ಮಗಳು ಅಸುಂಡಿಗೆ ಹೋದರು. ಫಕ್ರುಸಾಬ ಹೊಲಕ್ಕೆ ಹೋಗಿದ್ದ. ಪಡಸಾಲೆಯಲ್ಲಿ ಸಾಬೀರಾ ಕೂತಿದ್ದಳು. ಓಡಿಹೋಗದಂತೆ ಅವಳ ಕಾಲಿಗೆ ಮೆತ್ತನೆಯ ಅರಿವೆ ಸುತ್ತಿ, ಹಗ್ಗದಿಂದ ಕಂಬಕ್ಕೆ ಕಟ್ಟಿದ್ದರು. ತಾಯಿ ಖಾತುನಬಿ ಚಹಾ ಇಟ್ಟಳು. ಮಂಗಳವಾರದ ಮಾತು ಕೇಳಿ ಅವಳ ಕಣ್ಣು ತುಂಬಿದವು.

"ನಮ್ಮ ಖಬರ ನಿಮಗ ಹೆಂಗ ಗೊತ್ತಾತ್ರೀ?"

"ಅವತ್ತ ನಾನೂ ಅಲ್ಲೇ ಇದ್ನಿ."

"ನಿಮ್ಮ ಮಗಳಿಗೆ ಜಾಗಾ ಸಿಕ್ಕಿತ್ತೇನ್ರಿ?"

"ಸಿಕ್ಕಿತ್ತು."

"ಪುಣ್ಯವಂತರು ನೀವು" ಎಂದಳು ಖಾತುನಬಿ, ಮನಸಾರೆ.

ಸುಳ್ಳು ವೇಷದಿಂದ ಆ ಜಾಗ ಪಡೆದದ್ದನ್ನು ಹೇಳಬೇಕೆಂದು ರಾಮವ್ವ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಅಂದು ಹೇಳಲಿಲ್ಲ. ಆಮೇಲೆ ಎಷ್ಟೋ ಮಂಗಳವಾರ ಇಬ್ಬರು ಹುಡುಗಿಯರನ್ನೂ ಜೊತೆಗೆ ಕೂರಿಸಿಕೊಂಡು ಆಸ್ಪತ್ರೆಯ ಪಡಸಾಲೆಯಲ್ಲಿ ಕಾದಾಗಲೂ ಹೇಳಲಿಲ್ಲ.

"ಹಳೇ ಅರಿವಿ ಇದ್ರ ಕೊಡ್ರಿ, ಕೂಸಿಗೊಂದು ಕೌದಿ ಹೊಲೀತೀನಿ" ಎಂದು ಅಂದು ಖಾತುನಬಿಗೆ ಹೇಳಿದಳಷ್ಟೇ. ಗಂಟಿನಿಂದ ಹನಮಿಗೆ ಉಡಿಸಿದ್ದ ಆ ಇಳಕಲ್ ಸೀರೆಯನ್ನೂ ತೆಗೆದು ತುಂಡು ಮಾಡಿದಳು. ಸೂಜಿಯ ಕಣ್ಣಿಗೆ ದಾರ ಹೋಗಲೊಲ್ಲದು. ಸ್ವಲ್ಪ ಹೊತ್ತು ನೋಡಿ ಹನಮಿ ಸೂಜಿ ಇಸಿದುಕೊಂಡಳು, ದಾರ ಪೋಣಿಸಿ ಕೊಟ್ಟು, ಸಾಬೀರಾಳ ಮಗ್ಗುಲಿಗೆ ಹೋಗಿ ಕೂತಳು.