ಚಾಚಿ ಕಾಯ್ದ ಕಣ್ಣು

ಮೊನ್ನೆ ಸೊಸೆ ಹುನಗುಂದದ ಸಂತೆಯಿಂದ ಕೆಂಪು ಸಾಬೂನು ತಂದಳು. ಕಾಗದ ಬಿಚ್ಚಿದ್ದೇ ತಡ, ಬಚ್ಚಲಿನ ತುಂಬ ದವಾಖಾನೆಯ ಘಾಟು. ಕಾರ್ಬಾಲಿಕ್ ಸಾಬೂನಂತೆ, ಮೈಗೆ ಒಳ್ಳೆಯದಂತೆ. ನಾನು ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದುಬಿಟ್ಟೆ. ಮೊಮ್ಮಕ್ಕಳನ್ನು ಕಂಡ ಮುದುಕಿ ಸಾಬೂನಿಗೆ ಅಂಜುತ್ತಾಳೆಂದು ಸೊಸೆ ನಕ್ಕಳು. ಅವಳಿಗೇನು ಗೊತ್ತು… ಆ ವಾಸನೆಯ ಹಿಂದೆ ಬಾಗಲಕೋಟೆಯ ಒಂದು ಕೋಣೆ ಇದೆ, ಅಲ್ಲಿ ನನ್ನ ತಲೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಚಾಚಿ ನಿಂತಿದ್ದಾಳೆ.

ಚಾಚಿ ನಮ್ಮ ಬಳಗದವಳಲ್ಲ. ಇಳಕಲ್ಲಿನಲ್ಲಿ ನಮ್ಮದು ನೇಕಾರರ ಮನೆ, ಗೋಡೆಯ ಆಚೆಯ ಮುಸಲ್ಮಾನರ ಮನೆ ಆಕೆಯದು. ಆಕೆಯ ಗಂಡ ರೇಷ್ಮೆಗೆ ಬಣ್ಣ ಹಾಕುತ್ತಿದ್ದ. ಓಣಿಯ ಮಕ್ಕಳಿಗೆಲ್ಲ ಆಕೆ ಚಾಚಿಯೇ. ಹಲ್ಲಿ ಕಂಡರೆ ಹೊರಗೆ ಓಡುವ, ಪೊಲೀಸನ ಪೇಟ ಕಂಡರೆ ಬಾಗಿಲು ಹಾಕಿಕೊಳ್ಳುವ ಪುಕ್ಕಲು ಹೆಂಗಸು. ಅಂಜುವುದರಲ್ಲಿ ನನಗೂ ಆಕೆಗೂ ಸರಿಜೋಡಿ.

ನನಗಾಗ ಹದಿಮೂರೋ ಹದಿನಾಲ್ಕೋ. ತಾಯಿ ಇರಲಿಲ್ಲ. ಮನೆಯಲ್ಲಿ ಅಪ್ಪ, ಮತ್ತೆ ಅಪ್ಪನ ತಾಯಿ. ಆಕೆಯನ್ನು ಆಯಿ ಎನ್ನುತ್ತಿದ್ದೆ. ನನ್ನ ಬಲಗಣ್ಣಿನ ಮೇಲಿನ ರೆಪ್ಪೆಯಲ್ಲಿ ಜೋಳದ ಕಾಳಿನಷ್ಟು ಗಂಟೊಂದು ಎದ್ದಿತು. ಆಯಿ ಲವಂಗ ತೇಯ್ದು ಹಚ್ಚಿದಳು, ಕಾಡಿಗೆ ಹಚ್ಚಿದಳು, ದೃಷ್ಟಿ ತೆಗೆದಳು. ಗಂಟು ಯಾವುದಕ್ಕೂ ಜಗ್ಗದೆ ಕಡಲೆಯಷ್ಟಾಯಿತು. ರೆಪ್ಪೆ ಭಾರವಾಗಿ ಅರ್ಧ ಕಣ್ಣು ಮುಚ್ಚಿತು. ಒಂದು ದಿನ ಅದರಿಂದ ರಕ್ತ ಒಸರಿತು.

“ಇದು ಮನಿ ಔಷಧಕ್ಕ ಬಗ್ಗೂದಲ್ರಿ. ಬಾಗಲಕೋಟಿ ದವಾಖಾನಿಗಿ ಹೋಗೂಣು ನಡೀರಿ,” ಎಂದಳು ಚಾಚಿ. ಆಕೆಯ ಗಂಡ ಬಣ್ಣದ ಕೊಪ್ಪರಿಗೆಯಲ್ಲಿ ಕೈ ಸುಟ್ಟುಕೊಂಡಾಗ ಅಲ್ಲಿಯೇ ವಾಸಿಯಾಗಿತ್ತು. ಓಣಿಯಲ್ಲಿ ದವಾಖಾನೆಯ ಒಳಗನ್ನು ಕಂಡವಳು ಆಕೆಯೊಬ್ಬಳೇ.

“ಕತ್ತಿ ಹಚ್ಚಿದ ಕಣ್ಣು ಉಳೀತದೇನ?” ಎಂದು ಆಯಿ ಗೋಳಾಡಿದಳು. ಅಪ್ಪ ಗಾಡಿ ಹೂಡಿದ. ಆಯಿಯೂ ಹತ್ತಿದಳು. ಚಾಚಿ ಗಂಡನನ್ನು ಕೇಳಿಬಂದು ನನ್ನ ಮಗ್ಗುಲಲ್ಲಿ ಕೂತಳು. ದಾರಿಯುದ್ದಕ್ಕೂ ಇಬ್ಬರೂ ಒಬ್ಬರ ಕೈ ಒಬ್ಬರು ಬಿಡಲಿಲ್ಲ.

ಡಾಕ್ಟರರು ಗಂಟನ್ನು ಒತ್ತಿ ನೋಡಿ, ಕೊಯ್ದು ತೆಗೆಯಲೇಬೇಕು ಎಂದರು. ಹಲಗೆಯ ಮೇಲೆ ಮಲಗಿಸಿ ಕಣ್ಣಿಗೆ ಏನೋ ಹನಿ ಹಾಕಿದರು, ರೆಪ್ಪೆಗೆ ಸೂಜಿ ಚುಚ್ಚಿದರು. ನೋವು ಸತ್ತಿತು, ಅಂಜಿಕೆ ಸಾಯಲಿಲ್ಲ. ತಲೆ ಅಲುಗದಂತೆ ಯಾರಾದರೂ ಹಿಡಿಯಬೇಕು ಎಂದಾಗ ಅಪ್ಪ ಬೆವತು ಹೊರಗೆ ನಡೆದ. ಆಯಿ ಹೊಸ್ತಿಲು ದಾಟಲೇ ಇಲ್ಲ. ಚಾಚಿ ಬಂದಳು. ನನ್ನ ನೆತ್ತಿಗೆ ಒತ್ತಿಕೊಂಡಿದ್ದ ಆಕೆಯ ಹೊಟ್ಟೆ ಗಡಗಡ ನಡುಗುತ್ತಿತ್ತು, ಕೈ ಮಾತ್ರ ಕದಲಲಿಲ್ಲ. ರೆಪ್ಪೆಯನ್ನು ಯಾರೋ ಜಗ್ಗಿದಂತಾಯಿತು, ಕತ್ತರಿಯ ಸದ್ದು ಕಿವಿಯ ಒಳಗೇ ಕೇಳಿಸಿತು. ಆಮೇಲೆ ಎರಡೂ ಕಣ್ಣಿಗೆ ಪಟ್ಟಿ ಸುತ್ತಿದರು. ಒಂದು ಕಣ್ಣು ತೆರೆದಿದ್ದರೆ ಇನ್ನೊಂದೂ ಆಡುತ್ತದಂತೆ.

“ಬೇರು ಏನರ ಒಳಗ ಉಳದಿದ್ರ ಮತ್ತ ರಕ್ತ ಬರ್ತದ. ಹಂಗಾದ್ರ ಇಡೀ ಕಣ್ಣ ತಗೀಬೇಕಾಗ್ತದ,” ಎಂದರು ಡಾಕ್ಟರರು. “ನಾ ಬಿಚ್ಚೂತನಕಾ ಈ ಪಟ್ಟಿಗೆ ಯಾರೂ ಕೈ ಹಚ್ಚಬಾರದು. ಹಚ್ಚಿದವ್ರನ್ನ ಸುಮ್ಮನ ಬಿಡೂದಿಲ್ಲ.”

ದವಾಖಾನೆಯ ಹತ್ತಿರವೇ ಪರಿಚಯದವರ ಪಡಸಾಲೆಯಲ್ಲಿ ಉಳಿದೆವು. ಅಡಿಗೆ ಆಯಿಯದು, ಉಳಿದದ್ದೆಲ್ಲ ಚಾಚಿಯದು. ಮಗ್ಗುಲಾಗದಂತೆ ನನ್ನ ಎರಡೂ ಕಡೆ ಗೋದಿಯ ಚೀಲ ಇಟ್ಟಳು. ಅಗಿದರೆ ಹೊಲಿಗೆ ಜಗ್ಗೀತೆಂದು ಗಂಜಿಯನ್ನೇ ಕುಡಿಸಿದಳು. ನೊಣ ಕೂಡದಂತೆ ಸೆರಗು ಬೀಸುತ್ತಲೇ ಇದ್ದಳು. ನನಗೆ ಹಗಲೂ ಇರುಳೂ ಒಂದೇ ಕತ್ತಲೆ. ಕಣ್ಣನ್ನು ಆಗಲೇ ತೆಗೆದುಬಿಟ್ಟಿದ್ದಾರೆ, ನನಗೆ ಹೇಳುತ್ತಿಲ್ಲ ಎಂಬ ಹೆದರಿಕೆ ಎದೆಯಲ್ಲಿ ಕೂತುಬಿಟ್ಟಿತ್ತು.

“ಚಾಚಿ, ಖರೆ ಹೇಳು. ಕಣ್ಣು ಐತೇನ?”

“ಐತವ್ವಾ. ಎಲ್ಲಿಗಿ ಹೋಗ್ತದದು?”

ಎಷ್ಟು ಸಲ ಕೇಳಿದೆನೋ… ಒಮ್ಮೆಯೂ ಬೇಸರಿಸಲಿಲ್ಲ.

ಒಂದು ಮಧ್ಯಾಹ್ನ ಸೆಕೆ ಬಹಳ. ಕೆನ್ನೆಯ ಮೇಲೆ ಏನೋ ಹಸಿಯಾಗಿ ಇಳಿಯಿತು. ಬೆವರೆಂದುಕೊಂಡೆ. ಅಷ್ಟರಲ್ಲಿ ಆಯಿ, “ಅಯ್ಯ ನಮ್ಮವ್ವ, ಪಟ್ಟಿ ಕೆಂಪಗಾಗೇತಿ…” ಎಂದು ಕುಸಿದ ಸದ್ದಾಯಿತು. ಅಪ್ಪ ನನ್ನನ್ನು ಎತ್ತಿಕೊಂಡು ಓಡಿದ. ಇಂದು ಕಣ್ಣು ಹೋಯಿತು ಎಂಬುದೊಂದೇ ತಲೆಯಲ್ಲಿ. ಹಿಂದೆ ಓಡಿಬರುತ್ತಿದ್ದ ಚಾಚಿಯ ಏದುಸಿರು, ಅದರ ಹಿಂದೆ ಆಯಿಯ ಗೋಳು ಕೇಳುತ್ತಿತ್ತು.

ಮತ್ತೆ ಅದೇ ಹಲಗೆ, ಅದೇ ಘಾಟು. ಡಾಕ್ಟರರು ಮೇಲಿನ ಸುತ್ತುಗಳನ್ನು ಬಿಚ್ಚಿದರು. ಬಿಚ್ಚುತ್ತಿದ್ದ ಕೈ ನಿಂತಿತು.

“ಏನಿದು? ಪಟ್ಟಿ ಒಳಗ ಕುಂಕುಮದ ಗಂಟು? ಯಾರ್ ಇಟ್ಟೀರಿ ಇದನ್ನ?”

ಬನಶಂಕರಿಯ ಕುಂಕುಮ. ಆಯಿ ಅದನ್ನು ಎಲೆ ಅಡಿಕೆಯ ಸಂಚಿಯಲ್ಲಿ ಸದಾ ಇಟ್ಟುಕೊಂಡಿರುತ್ತಿದ್ದಳು. ನಾನು ನಿದ್ದೆಯಲ್ಲಿದ್ದಾಗ, ಆ ದೇವಿ ಕಾಯಲಿ ಎಂದು ಸುತ್ತುಗಳ ನಡುವೆ ತೂರಿಸಿರಬೇಕು. ಬೆವರಿಗೆ ಅದು ಕರಗಿ ಹರಿದಿತ್ತು. ಆದರೆ ಒಳಗಿನ ಅರಿವೆ ಇನ್ನೂ ಬಿಚ್ಚಿರಲಿಲ್ಲ. ಅದರ ಕೆಳಗೆ ಏನಾಗಿದೆಯೋ ಯಾರಿಗೂ ಗೊತ್ತಿರಲಿಲ್ಲ.

“ಕೇಳಲಿಕ್ಕತ್ತೇನಿ. ಹುಡುಗಿ ಕಣ್ಣ ಹೋದ್ರ ಅದು ಇಟ್ಟವ್ರ ತಲಿಮ್ಯಾಗ. ಯಾರು?”

ಬಾಗಿಲ ಬಳಿ ಆಯಿಯ ಸಂಚಿ ಜಾರಿ ಬಿದ್ದದ್ದು ಕೇಳಿಸಿತು. ಮಾತು ಬಂದದ್ದು ಚಾಚಿಯ ಕಡೆಯಿಂದ.

“ನಾನ ಇಟ್ಟೇನ್ರಿ ಸಾಹೇಬ್ರ.”

“ನೀ? ನಿಮ್ಮ ಮನ್ಯಾಗ ಕುಂಕುಮ ಎಲ್ಲಿಂದ ಬಂತವ್ವಾ?”

“ನಾನ ಇಟ್ಟೇನ್ರಿ. ಬೈಯೂದಿದ್ರ ಆಮ್ಯಾಲ ಬೈರಿ. ಮೊದ್ಲ ಕಣ್ಣ ನೋಡ್ರಿ.”

ಡಾಕ್ಟರರು ನನ್ನ ಕಡೆ ತಿರುಗಿದರು. ನೀರು ಸುರಿದು ಒಳಗಿನ ಅರಿವೆ ನೆನೆಸಿದರು, ನಿಧಾನ ಎತ್ತಿದರು. ರೆಪ್ಪೆಯ ಮೇಲೆ ಅವರ ಬೆರಳು ಎಷ್ಟೋ ಹೊತ್ತು ಓಡಾಡಿತು.

“ಗಾಯ ಸ್ವಚ್ಛ ಅದ. ಕಣ್ಣ ತಗಿ ಮಗಳ.”

ಹೆದರುತ್ತಲೇ ತೆಗೆದೆ. ಬೆಳಕು ಚುಚ್ಚಿತು. ಮೊದಲು ಕಂಡದ್ದು ಚಾಚಿಯ ಮುಖ, ಸುಣ್ಣದ ಗೋಡೆಯಂತೆ ಬಿಳಿಚಿತ್ತು. ನನ್ನ ಕಣ್ಣು ತನ್ನ ಕಡೆ ತಿರುಗಿದ್ದು ನೋಡಿದಳು, ಅಲ್ಲೇ ನೆಲದ ಮೇಲೆ ಕೂತು ಗಳಗಳ ಅತ್ತಳು. ಆಯಿ ಸಾಯುವವರೆಗೂ ಆ ಕುಂಕುಮದ ಮಾತು ಎತ್ತಲಿಲ್ಲ. ಚಾಚಿಯೂ ಎತ್ತಲಿಲ್ಲ.

ಕೆಲವು ವರ್ಷಗಳ ಮೇಲೆ ಊರಿಗೆ ಪ್ಲೇಗು ಬಂತು. ಮನೆ ಬಿಟ್ಟು ಎಲ್ಲರೂ ಹೊಲಗಳಲ್ಲಿ ಜೋಪಡಿ ಹಾಕಿಕೊಂಡೆವು. ಚಾಚಿಯ ಬಗಲಲ್ಲಿ ಗಂಟು ಎದ್ದಿತೆಂದು ಆಕೆಯನ್ನು ದೂರದ ಜೋಪಡಿಗೆ ಸಾಗಿಸಿದರು. ನೋಡಲೇಬೇಕೆಂದು ಹಟ ಹಿಡಿದೆ. ಅಪ್ಪ ರಟ್ಟೆ ಹಿಡಿದು ಕರೆದೊಯ್ದ, ಬೇವಿನ ಮರದಿಂದ ಮುಂದೆ ಒಂದು ಹೆಜ್ಜೆ ಇಡಗೊಡಲಿಲ್ಲ. ಬಾಗಿಲಿಲ್ಲದ ಜೋಪಡಿಯಲ್ಲಿ ಆಕೆ ಮಲಗಿದ್ದು ಕಾಣುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಆಕೆ ಬಹಳ ಕಷ್ಟಪಟ್ಟು ತಲೆ ಎತ್ತಿದಳು.

“ಕಣ್ಣ ತಿಕ್ಕಬ್ಯಾಡ ಬೇಟಿ,” ಎಂದಳು.

ಅಷ್ಟೇ. ಆಮೇಲೆ ನಾನು ಆಕೆಯನ್ನು ನೋಡಲಿಲ್ಲ…

ಹೋದ ವರ್ಷ ಇಳಕಲ್ಲಿಗೆ ಹೋದಾಗ ಆಕೆಗೆ ಎಲ್ಲಿ ಮಣ್ಣು ಕೊಟ್ಟರೆಂದು ಕೇಳಿಕೊಂಡು ಹೋದೆ. ಗೊತ್ತಿದ್ದವರು ಯಾರೂ ಉಳಿದಿಲ್ಲ. ಪ್ಲೇಗಿನಲ್ಲಿ ಸತ್ತವರಿಗೆ ಗುರುತಿನ ಕಲ್ಲು ಇಡಲು ಯಾರಿಗೆ ಪುರಸೊತ್ತಿತ್ತು? ಮುಳ್ಳುಕಂಟಿಗಳ ನಡುವೆ ಮಣ್ಣಿನ ದಿಬ್ಬಗಳು, ಒಂದರಂತೆ ಇನ್ನೊಂದು. ಬಿಸಿಲು ಇಳಿಯುವವರೆಗೆ ಹುಡುಕಿದೆ. ಈ ವಯಸ್ಸಿನಲ್ಲೂ ನನ್ನ ಎರಡು ಕಣ್ಣೂ ಚೆನ್ನಾಗಿವೆ. ಆಕೆಯ ಗೋರಿ ಯಾವುದೆಂದು ಮಾತ್ರ ಕಾಣಲಿಲ್ಲ.