ತಣ್ಣಗಿನ ಎಂಜಿನ್

ಹರಿಣಾಕ್ಷಿಯ ಗಂಡ ಶಂಭು ಠಾಣೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಆದರೆ ಊರ ಕಡೆ ಅವನ ಹೆಸರು ನಿಂತದ್ದು ಬೇರೆಯದೇ ಕೆಲಸದಿಂದ. ಮಲ್ಪೆ, ಗಂಗೊಳ್ಳಿಯ ದೋಣಿಯವರು ಹಳೆಯ ಡೀಸೆಲ್ ಎಂಜಿನ್ ಕೊಳ್ಳಲು ಮುಂಬೈ ಕಡೆ ಬಂದರೆ ಮೊದಲು ಠಾಕುರ್ಲಿಯ ಚಾಳಿಗೆ, ಶಂಭುವಿನ ಖೋಲಿಗೆ ಬರುತ್ತಿದ್ದರು. ಭಾನುವಾರ ಅವನು ಅವರ ಜೊತೆ ಹೋಗಿ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ನೋಡಿ ಮರಳುತ್ತಿದ್ದ. "ನಾಳೆ ಹೇಳ್ತೇನೆ" ಎನ್ನುತ್ತಿದ್ದ. ಶಂಭಣ್ಣ ರಾತ್ರಿಯಿಡೀ ಯೋಚಿಸುತ್ತಾನೆ ಎಂದು ದೋಣಿಯವರು ನಂಬಿದ್ದರು. ಶಂಭಣ್ಣ ರಾತ್ರಿಯಿಡೀ ಗೊರಕೆ ಹೊಡೆಯುತ್ತಿದ್ದ. ಬೆಳಗಿನ ನಾಲ್ಕೂವರೆಗೆ ನಲ್ಲಿಯಲ್ಲಿ ನೀರು ಬಂದಾಗ ಎದ್ದು ಅವನ ಅಂಗಿ ಒಗೆಯುತ್ತಿದ್ದವಳು ಹರಿಣಾಕ್ಷಿ.

ಎಣ್ಣೆಯ ಕಲೆ ಅವಳ ಕೈಗೆ ಬೇರೆ ಬೇರೆಯಾಗಿ ಸಿಗುತ್ತಿತ್ತು. ಒಳ್ಳೆಯ ಎಂಜಿನ್ನಿನ ಎಣ್ಣೆ ಹಟಮಾರಿ, ಮೂರು ಸಲ ಸಾಬೂನು ಹಚ್ಚಿದರೂ ಜಗ್ಗದು. ಡೀಸೆಲ್ ಸೋರಿ ತೆಳ್ಳಗಾದ ಎಣ್ಣೆ ಮೊದಲ ಉಜ್ಜಿಗೇ ಬಿಟ್ಟು ಮೂಗಿಗೆ ಬಡಿಯುತ್ತದೆ. ನೀರು ಸೇರಿದ್ದು ಬೂದು ಗಂಜಿಯಂತೆ ಕಲ್ಲಿನ ಮೇಲೆ ಹರಡುತ್ತದೆ. ಬೇರಿಂಗ್ ಸವೆದಿದ್ದರೆ ಒಣಗಿದ ಚಿಂದಿ ಬಿಸಿಲಿಗೆ ಸಣ್ಣಗೆ ಮಿನುಗುತ್ತದೆ. ಎಪ್ಪತ್ತಮೂರನೇ ಇಸವಿಯಲ್ಲಿ ಅವಳು ಮೊದಲ ಸಲ ಬಾಯಿಬಿಟ್ಟು, "ಈ ಎಣ್ಣೆಯಲ್ಲಿ ನೀರುಂಟು" ಎಂದಿದ್ದಳು. "ಬಟ್ಟೆ ಒಗೆಯುವಾಗ ನೀರಲ್ಲದೆ ಹಾಲು ಇರ್ತದಾ?" ಎಂದು ಶಂಭು ನಕ್ಕಿದ್ದ. ಆ ಎಂಜಿನ್ ಎರಡು ತಿಂಗಳಿಗೆ ಬಾಯಿ ಮುಚ್ಚಿತು. ಶಂಭು ತಪ್ಪಾಯಿತು ಎನ್ನಲಿಲ್ಲ. ಆದರೆ ಅಂದಿನಿಂದ ಭಾನುವಾರ ಅಂಗಿ ಕಳಚುವಾಗ, ಅದರ ಜೊತೆ ಎಣ್ಣೆ ಒರೆಸಿದ ಒಂದು ಚಿಂದಿಯನ್ನೂ ಬಕೆಟಿಗೆ ಹಾಕಿ, "ಎಂತ ಕಾಣ್ತದೆ, ಒಮ್ಮೆ ನೋಡು" ಎನ್ನತೊಡಗಿದ. ಇದು ಹೊರಗಿನ ಯಾರಿಗೂ ತಿಳಿದಿರಲಿಲ್ಲ.

ಎಂಬತ್ತರ ಆಗಸ್ಟಿನಲ್ಲಿ ಅವಳ ತಮ್ಮ ಪೂವಪ್ಪನೇ ಎಂಜಿನ್ನಿಗಾಗಿ ಬಂದ. ಹಿಂದಿನ ವರ್ಷ ಅವನ ದೋಣಿಯ ಎಂಜಿನ್ ನಡುಗಡಲಲ್ಲಿ ನಿಂತು, ಆರು ಜನ ಎರಡು ದಿನ ಅಲೆಯ ಮೇಲೆ ತೇಲಿದ್ದರು. ಆ ಎರಡು ದಿನ ಅವನ ಹೆಂಡತಿ ಸುಂದರಿ ದಂಡೆಯಿಂದ ಕದಲಿರಲಿಲ್ಲ. ಮುಂದಿನ ವಾರ ನೂಲ ಹುಣ್ಣಿಮೆ. ಅದು ಕಳೆದೊಡನೆ ದೋಣಿಗಳು ಕಡಲಿಗೆ ಇಳಿಯುತ್ತವೆ.

ಕಲ್ಯಾಣದ ರೇತಿ ಬಂದರಿನಲ್ಲಿ ಬಿಜಾಪುರ ಕಡೆಯ ವಿರುಪಾಕ್ಷಪ್ಪನ ಶೆಡ್ಡಿತ್ತು. ಅಲ್ಲಿ ಟ್ರಾಲರಿನಿಂದ ಇಳಿಸಿದ ಮೂರು ಸಿಲಿಂಡರಿನ ಎಂಜಿನ್ ಒಂದನ್ನು ಭಾವ, ಭಾವಮೈದುನ ನೋಡಿ ಬಂದರು. ಚಿಂದಿ ಹರಿಣಾಕ್ಷಿಯ ಕೈಗೆ ಬಂತು. ಜೇನಿನ ಬಣ್ಣ. ಒಂದು ಕಪ್ಪು ಚುಕ್ಕೆಯೂ ಇಲ್ಲ.

"ಹೇಗೆ? ಸ್ವಚ್ಛ ಉಂಟಲ್ಲ?" ಎಂದ ಶಂಭು.

"ಅದೇ ನನಗೆ ಸರಿ ಕಾಣುದಿಲ್ಲ. ಇದು ನಿನ್ನೆ ಮೊನ್ನೆ ಹಾಕಿದ ಎಣ್ಣೆ. ಹಳೆ ಎಂಜಿನ್ನಿಗೆ ಮಾರುವ ಹೊತ್ತಿಗೆ ಹೊಸ ಎಣ್ಣೆ ಯಾಕೆ?"

"ಮರ್ಯಾದಸ್ಥ ಮನುಷ್ಯ, ಹಾಕಿದ್ದಾನೆ ಅಕ್ಕ," ಎಂದ ಪೂವಪ್ಪ. "ಆಗಲೇ ಕಾಯಿ ಒಡೆದು ಹಾರ ಹಾಕಿ ಆಯ್ತು, ದುಡ್ಡು ಕೊಡುದೊಂದೇ ಬಾಕಿ. ಇನ್ನು ಅದರ ಬಗ್ಗೆ ಅಪಶಕುನ ಮಾತಾಡ್ಬಾರ್ದು."

"ನೆಂಟರು ಬರ್ತಾರೆ ಅಂದ್ರೆ ಗೋಡೆಯ ಒದ್ದೆ ಕಾಣದ ಹಾಗೆ ಕ್ಯಾಲೆಂಡರ್ ತೂಗಿಸುವವಳು ನಾನು. ನನಗೆ ಮರ್ಯಾದೆ ಹೇಳಿಕೊಡ್ಬೇಡ. ನೀವು ಹೋದಾಗ ಎಂಜಿನ್ ಬಿಸಿ ಇತ್ತಾ, ತಣ್ಣಗಿತ್ತಾ?"

ಅವರು ಹೋದಾಗ ಎಂಜಿನ್ ಓಡುತ್ತಿತ್ತು. ಯಾವ ಶೆಡ್ಡಿಗೆ ಹೋದರೂ ಹಾಗೆಯೇ. ವ್ಯಾಪಾರಿ ಎಂಜಿನ್ ಓಡಿಸಿಟ್ಟು ಚಹಾ ತರಿಸುತ್ತಾನೆ, ಇವರು ಕುಡಿಯುತ್ತ ಸದ್ದು ಕೇಳುತ್ತಾರೆ. ಇಷ್ಟು ವರ್ಷದಲ್ಲಿ ಶಂಭು ಒಂದೇ ಒಂದು ತಣ್ಣಗಿನ ಎಂಜಿನ್ ಮುಟ್ಟಿರಲಿಲ್ಲ.

"ಓಡುವಾಗ ನೀರು, ಎಣ್ಣೆ ಕಲಸಿ ಹೋಗ್ತದೆ, ಹೊಸ ಎಣ್ಣೆಯಲ್ಲಿ ಸ್ವಲ್ಪ ನೀರು ಗೊತ್ತೇ ಆಗುದಿಲ್ಲ," ಎಂದಳು ಹರಿಣಾಕ್ಷಿ. "ರೇಷನ್ನಿನ ಸೀಮೆಎಣ್ಣೆಯನ್ನು ಒಂದು ರಾತ್ರಿ ಅಲ್ಲಾಡಿಸದೆ ಇಟ್ರೆ ನೀರು ತಳಕ್ಕೆ ಇಳೀತದೆ. ಇದೂ ಹಾಗೇ ಅಲ್ವಾ? ಬೆಳಿಗ್ಗೆ ಅವರು ಎಂಜಿನ್ ಎಬ್ಬಿಸುವ ಮೊದಲು ನಾನು ಹೋಗ್ಬೇಕು."

"ನೀನಾ?" ಶಂಭು ನಕ್ಕ. "ಹೆಂಗಸು ಎಂಜಿನ್ ಮುಟ್ಟಿದ್ರೆ ಅವರು ಮಾರುವುದೇ ಇಲ್ಲ ಮಾರಾಯ್ತಿ. ಮತ್ತೆ ಬೆಳಿಗ್ಗೆ ನೀರು ತುಂಬಿಸುವುದು ಯಾರು?"

"ನಿಮಗೆ ನಾಳೆ ಎರಡನೇ ಪಾಳಿ. ನೀವು."

ಅವಳಿಗೆ ಕುಳಿತರೆ ನಿಂತರೆ ಸಮಾಧಾನವಿರಲಿಲ್ಲ. ಮಕ್ಕಳ ಡಬ್ಬಿಗೆ ಪಲ್ಯ ಹೆಚ್ಚಿಟ್ಟಳು, ಹಿಟ್ಟು ಕಲಸಿಟ್ಟಳು, ಯಾವ ಕೊಡ ಕುಡಿಯಲು, ಯಾವುದು ಪಾತ್ರೆಗೆ ಎಂದು ಗಂಡನಿಗೆ ಎರಡೆರಡು ಸಲ ತೋರಿಸಿದಳು. ಒಂದು ಮುಂಜಾನೆ ಮನೆಯಿಂದ ಹೊರಬೀಳಲು ಅವಳಿಗೆ ಇಷ್ಟು ಸಿದ್ಧತೆ ಬೇಕಾಯಿತು. ಶಂಭು ಮನೆ ಬಿಡಲು ಚಪ್ಪಲಿ ಮೆಟ್ಟಿದರೆ ಸಾಕಿತ್ತು.

ಐದೂವರೆಗೆ ಅಕ್ಕ ತಮ್ಮ ರೇತಿ ಬಂದರಿನಲ್ಲಿದ್ದರು. ಸಮುದ್ರದ ಉಪ್ಪುನೀರು ಒಳಬರುವ ಖಾಡಿಯ ದಂಡೆಯಲ್ಲಿ, ಮರಳಿನ ರಾಶಿಗಳ ನಡುವೆ ಶೆಡ್ಡಿನ ಬಾಗಿಲು ಅರೆ ತೆರೆದಿತ್ತು. ವಿರುಪಾಕ್ಷಪ್ಪ ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತಿದ್ದ.

"ಇಷ್ಟ ಲಗೂ ಯಾಕ ಬಂದ್ರೀ? ಈ ಅಕ್ಕಾರು ಯಾರು?"

"ನನ್ನ ಅಕ್ಕ. ನೋಡ್ಬೇಕಂತೆ."

"ಎಂಜಿನ್ನಾ? ಅದೇನು ಸೀರಿ ಅಂಗಡಿ ಏನ್ರೀ?" ಎಂದು ನಕ್ಕ. "ನಿಲ್ರಿ, ಸುರು ಮಾಡಸ್ತೀನಿ."

"ಸುರು ಮಾಡ್ಬೇಡಿ," ಎಂದಳು ಹರಿಣಾಕ್ಷಿ. ಎಂಜಿನ್ನಿನ ಮೈಗೆ ಅಂಗೈ ಒತ್ತಿದಳು. ತಣ್ಣಗೆ ಕಲ್ಲಿನಂತಿತ್ತು. "ಪೂವಪ್ಪ, ತಳದ ಬೋಲ್ಟ್ ಅರ್ಧ ಸುತ್ತು ಸಡಿಲಿಸು. ಪೂರ್ತಿ ಬಿಚ್ಚಬೇಡ."

"ಹಾರ ಹಾಕಿದ ಎಂಜಿನ್ ಬಿಚ್ಚಬಾರದ್ರೀ ತಮ್ಮಾ, ಕೆಟ್ಟ ಆಗತೈತಿ," ಎಂದ ವಿರುಪಾಕ್ಷಪ್ಪ. ಈಗ ನಗುತ್ತಿರಲಿಲ್ಲ.

ಪೂವಪ್ಪ ಬೋಲ್ಟ್ ತಿರುಗಿಸುವ ಪಾನ ಹಿಡಿದು ಅಕ್ಕನ ಮುಖ ನೋಡಿದ. ಕಾಯಿ ಒಡೆದವನು ಅವನೇ. ಈಗ ಬಿಚ್ಚಿದರೆ ತಾನೇ ಮಾಡಿದ ಪೂಜೆ ಸುಳ್ಳಾಗುತ್ತದೆ.

"ಹಾರ ಈಜುತ್ತದಾ?" ಎಂದಳು ಹರಿಣಾಕ್ಷಿ. "ಎಂಜಿನ್ ನಿಂತ್ರೆ ಆರು ಜನ ಈಜಬೇಕು. ಬಿಚ್ಚು."

ಅವನು ಅರ್ಧ ಸುತ್ತು ಸಡಿಲಿಸಿದ. ಅವಳು ಅಂಗೈ ಒಡ್ಡಿದಳು. ಬಂದದ್ದು ಎಣ್ಣೆಯಲ್ಲ, ಒಂದು ಚಮಚ ನೀರು. ಅದರ ಹಿಂದೆ ಜೇನಿನ ಬಣ್ಣದ ಎಣ್ಣೆ ಇಳಿಯಿತು. ಅವಳು ನೀರನ್ನು ನಾಲಿಗೆಯ ತುದಿಗೆ ತಾಗಿಸಿ ಉಗಿದಳು.

"ಉಪ್ಪು."

"ಮಳಿ ನೀರು ಬಿದ್ದಿರಬೇಕ್ರೀ. ಶೆಡ್ಡು ಸೋರತೈತಿ."

"ಮಳೆ ನೀರು ಉಪ್ಪಾಗಿರ್ತದಾ? ನಿನ್ನೆ ಎಂಜಿನ್ ತಂಪಿಗೆ ಖಾಡಿಯ ನೀರು ಬಿಟ್ಟು ಓಡಿಸಿದ್ದಲ್ವಾ? ಒಳಗಿನ ಗೋಡೆ ತೂತಾಗಿದೆ. ಪೂವಪ್ಪ, ನೀನೂ ನೆಕ್ಕಿ ನೋಡು."

ಪೂವಪ್ಪ ಅವಳ ಅಂಗೈಯಲ್ಲಿ ಬೆರಳು ಅದ್ದಿ ನೆಕ್ಕಿದ. ಹುಟ್ಟಿದಾಗಿನಿಂದ ಆ ರುಚಿಯಲ್ಲೇ ಬದುಕಿದವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಎದ್ದು ನಿಂತು, ಚೆಂಡುಹೂವಿನ ಹಾರವನ್ನು ತಾನೇ ತೆಗೆದು ಮರಳಿನ ಮೇಲಿಟ್ಟ.

ರಸ್ತೆಗೆ ಬಂದ ಮೇಲೆ ಕೇಳಿದ, "ಈಗ ಎಂತ ಮಾಡುದು ಅಕ್ಕ? ಆರೇ ದಿನ ಉಳಿದದ್ದು."

"ಠಾಣೆಯಲ್ಲಿ ಧರ್ಮಪಾಲನ ಶೆಡ್ ಉಂಟು. ನಡೆ."

ಧರ್ಮಪಾಲನ ಶೆಡ್ಡಿನಲ್ಲಿ ಎಂಜಿನ್ ಆಗಲೇ ಓಡುತ್ತಿತ್ತು. ಅವನು ಚಹಾ ತರಿಸಿದ. ಹರಿಣಾಕ್ಷಿ ಚಹಾ ಕುಡಿದು, "ಈಗ ನಿಲ್ಲಿಸಿ. ತಣ್ಣಗಾಗುವ ತನಕ ಕೂತಿರ್ತೇವೆ" ಎಂದಳು.

"ಸಂಜೆ ಆಗ್ತದೆ ಅಮ್ಮಾ!"

"ಆಗ್ಲಿ."

ಒಂಬತ್ತರಿಂದ ಅವಳು ಮಗುಚಿ ಹಾಕಿದ ಡ್ರಮ್ಮಿನ ಮೇಲೆ ಕೂತಳು. ಮದುವೆಯಾದ ಮೇಲೆ ಇಷ್ಟು ಹೊತ್ತು ಕೈ ಕಟ್ಟಿ ಕೂತದ್ದೇ ಇಲ್ಲ. ಕೈಗಳು ಸುಮ್ಮನಿರಲೊಲ್ಲವು. ಸೆರಗಿನ ನೂಲು ಎಳೆದಳು, ಬಿದ್ದಿದ್ದ ನಟ್ಟುಗಳನ್ನು ಅಳತೆಯಂತೆ ಜೋಡಿಸಿದಳು, ಅರ್ಧ ಗಂಟೆಗೊಮ್ಮೆ ಎದ್ದು ಎಂಜಿನ್ ಮುಟ್ಟಿದಳು. ಇನ್ನೂ ಬಿಸಿ. ಮನೆಯಲ್ಲಿ ಮಕ್ಕಳು ಶಾಲೆಯಿಂದ ಬಂದಿರಬಹುದು. ಇನ್ನೂ ಬೆಚ್ಚಗೆ. ಪೂವಪ್ಪ ಗೋಣಿಯ ಮೇಲೆ ಮಲಗಿ ನಿದ್ದೆ ಹೋಗಿದ್ದ. ಈ ಎಂಜಿನ್ನನ್ನು ನಂಬಿ ಕಡಲಿಗೆ ಹೋಗುವವನು ಅವನು, ಎಚ್ಚರ ಕೂತವಳು ಇವಳು.

ಐದು ಗಂಟೆಗೆ ಎಂಜಿನ್ ಅಂಗೈಗೆ ತಣ್ಣಗೆ ತಾಗಿತು. ತಳದಿಂದ ಬಂದದ್ದು ಕಪ್ಪು, ದಪ್ಪ, ಹಟಮಾರಿ ಎಣ್ಣೆ, ನೀರಿಲ್ಲ. ಹ್ಯಾಂಡಲಿನ ಎರಡನೇ ತಿರುವಿಗೆ ಎಂಜಿನ್ ಎದ್ದಿತು. ಮೊದಲು ಬಿಳಿ ಹೊಗೆ, ಆಮೇಲೆ ಕಂಡೂ ಕಾಣದಷ್ಟು. ಆದರೂ ಅವಳು, "ಒಂದು ರಾತ್ರಿ ಇರ್ಲಿ" ಎಂದಳು. ಮರುದಿನ ಬೆಳಿಗ್ಗೆ ಮತ್ತೆ ಬಂದು, ಅದೇ ಕಪ್ಪು ಎಣ್ಣೆ ನೋಡಿ, "ತಗೋ" ಎಂದಳು.

"ಖಂಡಿತವಾ ಅಕ್ಕ?"

"ಇವತ್ತಿಗೆ ಖಂಡಿತ. ಹದಿನೈದು ದಿನಕ್ಕೊಮ್ಮೆ ತಣ್ಣಗಿರುವಾಗ ಬೋಲ್ಟ್ ಸಡಿಲಿಸಿ ನೋಡು. ನೀರು ಕಂಡ್ರೆ ಆ ದಿನ ಕಡಲಿಗೆ ಇಳೀಬೇಡ, ಯಾರು ಕರೆದ್ರೂ."

"ಆಯ್ತು, ಆಯ್ತು."

"ಆಯ್ತು ಅನ್ನುದಲ್ಲ. ನನ್ನ ಎದುರು ಒಮ್ಮೆ ಮಾಡಿ ತೋರಿಸು."

"ಈಗ? ಲಾರಿಯವ ಕಾಯ್ತಾ ಇದ್ದಾನೆ."

"ಕಾಯ್ಲಿ."

ಪೂವಪ್ಪ ಪಂಚೆ ಎತ್ತಿ ಕಟ್ಟಿ ಎಣ್ಣೆ ಕೆಸರಿನಲ್ಲಿ ಮಂಡಿಯೂರಿದ. ಮೊದಲ ಸಲ ಅವಸರದಲ್ಲಿ ಬೋಲ್ಟ್ ಪೂರ್ತಿ ಬಿಚ್ಚಿ ಎಣ್ಣೆ ಚೆಲ್ಲಿದ. ಹರಿಣಾಕ್ಷಿ ಇನ್ನೊಮ್ಮೆ ಮಾಡಲು ಹೇಳಿದಳು.